ಹಗೇವಿನ ಯಜಮಾನ

ರಾತ್ರಿ ಮಲಗುವ ಮುಂಚೆ ಬಾದಾಮಿ ನೆನೆಹಾಕುವ ಮನೆಗಳಲ್ಲಿ ನಮ್ಮದೂ ಒಂದು. ಯಾವ ಡಾಕ್ಟರು ಹೇಳಿದರೋ, ಯಾವ ವಾಟ್ಸಾಪ್ ಗುಂಪಿನಲ್ಲಿ ಬಂತೋ, ಅಂತೂ ನನ್ನ ಹೆಂಡತಿ ತಲೆಗೆ ಐದರಂತೆ ಎಣಿಸಿ ಬಟ್ಟಲಿಗೆ ಹಾಕುತ್ತಾಳೆ. ಬೆಳಿಗ್ಗೆ ಸಿಪ್ಪೆ ಸುಲಿಯುವ ಖಾತೆ ನನ್ನದು. ಜ್ಞಾಪಕಶಕ್ತಿ ಹೆಚ್ಚುತ್ತದಂತೆ. ಹೆಚ್ಚಿದೆಯೋ ಇಲ್ಲವೋ ಹೇಳಲಾರೆ, ಮೊದಲು ಎಷ್ಟಿತ್ತೆಂಬುದು ನೆನಪಿಲ್ಲ. ಪೊಟ್ಟಣದ ಮೇಲೆ ಮಾತ್ರ ದಪ್ಪಕ್ಷರದಲ್ಲಿ ‘ಕ್ಯಾಲಿಫೋರ್ನಿಯಾ’ ಎಂದಿರುತ್ತದೆ. ಆ ರಾಜ್ಯದ ಬಾದಾಮಿಯನ್ನು ಅಮೆರಿಕದ ಹೊರಗೆ ಅತಿ ಹೆಚ್ಚು ಕೊಳ್ಳುವವರು ನಾವೇ, ಭಾರತದವರು. ಇಷ್ಟೊಂದು ಬಾದಾಮಿ ತಿಂದೂ ದೇಶದ ಮರೆವು ಕಡಿಮೆಯಾಗಿಲ್ಲ, ಅದು ಬೇರೆ ಮಾತು.

ಅದು ಬೆಳೆಯುವ ಜಾಗವನ್ನು ಕಣ್ಣಾರೆ ಕಂಡದ್ದು ಅಣ್ಣನ ಮಗನ ಮನೆಗೆ ಹೋದಾಗ. ಅವನಿರುವುದು ಸ್ಯಾನ್ ಹೋಸೆಯಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಕಾರು ಬಿಟ್ಟರೆ ಸ್ಯಾನ್ ವಾಕೀನ್ ಕಣಿವೆ. ಬಾದಾಮಿ, ಪಿಸ್ತಾ, ದ್ರಾಕ್ಷಿ, ಮತ್ತೆ ಬಾದಾಮಿ. ಸಾಲು ತಪ್ಪದ ಮರಗಳು, ಬುಡದಲ್ಲಿ ಕರೀ ಪೈಪು, ಮರದ ಕೆಳಗೆ ಒಂದು ಹುಲ್ಲುಕಡ್ಡಿಯೂ ಇಲ್ಲದ ನೆಲ. “ಚಿಕ್ಕಪ್ಪ, ಇದೆಲ್ಲ ಮೊದಲು ಬರೀ ಒಣ ಬಯಲು. ನೀರು ಇಲ್ಲಿಯದಲ್ಲ, ಉತ್ತರದಿಂದ ಕಾಲುವೇಲಿ ಬರೋದು” ಎಂದು ಅವನು ವಿವರಿಸುತ್ತಿದ್ದ. 1960–70ರ ದಶಕಗಳಲ್ಲಿ ಆ ದೊಡ್ಡ ಕಾಲುವೆಗಳು ಬಂದ ಮೇಲೆ ಕಣಿವೆಯ ಪಶ್ಚಿಮದ ಅಂಚಿನ ಒಣ ನೆಲಕ್ಕೂ ನೇಗಿಲು ಬಿತ್ತು. ನೇಗಿಲು ಬಿದ್ದಲ್ಲಿ ಬಿಲ ಉಳಿಯುವುದಿಲ್ಲ. ಬಿಲ ಖಾಲಿ ಮಾಡಿದವರ ಪಟ್ಟಿಯಲ್ಲಿ ಮುಖ್ಯನಾದವನು ದೈತ್ಯ ಕಾಂಗರೂ ಇಲಿ. ಒಂದು ಕಾಲಕ್ಕೆ ಕಣಿವೆಯ ಆ ಅಂಚಿನುದ್ದಕ್ಕೂ ಇದ್ದವನ ಆಸ್ತಿಯಲ್ಲಿ ಈಗ ನೂರಕ್ಕೆ ಐದು ಪಾಲು ಉಳಿದಿದ್ದರೆ ಹೆಚ್ಚು. 1980ರಲ್ಲಿ ರಾಜ್ಯದವರೂ 1987ರಲ್ಲಿ ಕೇಂದ್ರದವರೂ ಅದನ್ನು ಅಳಿವಿನಂಚಿನ ಪ್ರಾಣಿ ಎಂದು ಘೋಷಿಸಿದರು. ಅದಕ್ಕೆ ಮುಂಚೆ ಅಳಿಲನ್ನೂ ಇಲಿಯನ್ನೂ ಒಟ್ಟಿಗೇ ಮುಗಿಸಲೆಂದು ವಿಷ ಬೆರೆಸಿದ ಕಾಳು ಎರಚಿದ್ದೂ ಉಂಟು. ಬೆಳಿಗ್ಗೆ ಸಿಪ್ಪೆ ಸುಲಿಯುವಾಗ ಇದೆಲ್ಲ ಜ್ಞಾಪಕಕ್ಕೆ ಬರುತ್ತದೆ. ಬಾದಾಮಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ನನ್ನ ಬಳಿ ಇರುವ ಪುರಾವೆ ಇದೊಂದೇ.

ಉಳಿದ ಐದು ಪಾಲಿನಲ್ಲಿ ದೊಡ್ಡ ಭಾಗ ಇರುವುದು ಕಣಿವೆಯ ಪಕ್ಕದ ಗುಡ್ಡಸಾಲು ದಾಟಿದರೆ ಸಿಗುವ ಕರಿಝೋ ಬಯಲಿನಲ್ಲಿ. ಕಾಲುವೆ ಅಲ್ಲಿಗೆ ಹತ್ತಲಿಲ್ಲ. ಮಳೆ ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರ್, ಅದೂ ಚಳಿಗಾಲದಲ್ಲಿ. ಹಿಂದಿನವರು ಗೋಧಿ, ಬಾರ್ಲಿ ಬಿತ್ತಿ ನೋಡಿ ಸುಸ್ತಾಗಿ ಬಿಟ್ಟಿದ್ದಾರೆ. ನಡುವೆ ಉಪ್ಪುಗಟ್ಟಿದ ಸೋಡಾ ಲೇಕ್, ಪೂರ್ವದ ಬೆಟ್ಟದ ಬುಡದಲ್ಲಿ ಭೂಕಂಪಕ್ಕೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಬಿರುಕು. 2001ರಲ್ಲಿ ಅಧ್ಯಕ್ಷ ಕ್ಲಿಂಟನ್ ಕುರ್ಚಿ ಬಿಡುವ ಕೆಲವೇ ದಿನ ಮುಂಚೆ ಇದನ್ನು ರಾಷ್ಟ್ರೀಯ ಸ್ಮಾರಕ ಎಂದು ಸಾರಿದರು. ಒಳ್ಳೆಯ ಮಳೆಯಾದ ವರ್ಷ ಮಾರ್ಚ್–ಏಪ್ರಿಲ್‌ನಲ್ಲಿ ಇಡೀ ಬಯಲು ಹಳದಿ, ನೇರಳೆ, ಕಿತ್ತಳೆ ಹೂವಾಗಿ, ಲಾಸ್ ಏಂಜಲೀಸ್‌ನಿಂದ ಜನ ಸೆಲ್ಫಿಗೆಂದೇ ಮುಗಿಬೀಳುತ್ತಾರೆ. ನಾವು ಹೋದದ್ದು ಜೂನ್‌ನಲ್ಲಿ. ಹೂವೂ ಇಲ್ಲ, ಜನವೂ ಇಲ್ಲ. ಕಣ್ಣು ಹಾಯುವವರೆಗೆ ಒಣ ಹುಲ್ಲು, ಹಲ್ಲಿಗೆ ಸಿಗುವಷ್ಟು ಧೂಳು.

“ಇಷ್ಟು ದೂರ ಬಂದು ಇಲಿ ಬಿಲ ನೋಡೋದೇನೋ?” ಎಂದಳು ನನ್ನ ಹೆಂಡತಿ. ನಮ್ಮ ಮನೆಯ ಸಜ್ಜದ ಮೇಲೆ ವರ್ಷವಿಡೀ ಒಂದು ಇಲಿಬೋನು ಸನ್ನದ್ಧವಾಗಿರುತ್ತದೆ. ಅದಕ್ಕೆ ಹಾಕುವ ತೆಂಗಿನ ಚೂರನ್ನು ಎಷ್ಟು ಸುಡಬೇಕು ಎಂಬ ಶಾಸ್ತ್ರದಲ್ಲಿ ಅವಳದು ಎತ್ತಿದ ಕೈ.

“ಚಿಕ್ಕಮ್ಮ, ಇದು ಆ ಇಲಿ ಅಲ್ಲ. ಬೇಕಂತಲೇ ಕೊಂದರೆ ಜೈಲಿಗೂ ಹಾಕಬಹುದು.”

“ಇಲೀನ?” ಎಂದಳು. ಆಮೇಲೆ ಸ್ವಲ್ಪ ಹೊತ್ತು ಆ ದೇಶದ ಬಗ್ಗೆ ಏನೂ ಹೇಳಲಿಲ್ಲ.

ಅವನು ಕಾರು ನಿಲ್ಲಿಸಿ ತೋರಿಸಿದ್ದು ದುಂಡಗೆ ಬೋಳಾದ ಜಾಗಗಳನ್ನು. ನಾಲ್ಕಾರು ಮೀಟರ್ ಅಗಲ, ಸುತ್ತಲಿನ ನೆಲಕ್ಕಿಂತ ತುಸು ಎತ್ತರ. ಹುಲ್ಲನ್ನು ಬುಡದವರೆಗೆ ಕತ್ತರಿಸಿ ತೆಗೆದ ಹಾಗಿತ್ತು, ಕತ್ತರಿಸಿಯೇ ತೆಗೆದದ್ದು. ಒಂದು ದಿಬ್ಬದಲ್ಲಿ ಮೂರು ನಾಲ್ಕು ತೂತು, ಕೆಲವು ಓರೆಯಾಗಿ ಇಳಿದಂಥವು, ಒಂದೆರಡು ಬಾವಿಯಂತೆ ನೇರ. ಆ ದಿಬ್ಬ ಮುಗಿದು ಹತ್ತಿಪ್ಪತ್ತು ಹೆಜ್ಜೆಗೆ ಇನ್ನೊಂದು, ಅದರಾಚೆ ಮತ್ತೊಂದು. ಗುಡ್ಡ ಹತ್ತಿ ತಿರುಗಿ ನೋಡಿದಾಗ ಬಯಲಿನ ತುಂಬ ಬೋಳು ಚುಕ್ಕೆಗಳೇ. ಒಂದೊಂದರಲ್ಲೂ ಒಬ್ಬೊಬ್ಬನೇ ಯಜಮಾನ. ಕೂಡುಕುಟುಂಬ ಇವಕ್ಕೆ ಆಗಿಬರುವುದಿಲ್ಲ. ಪಕ್ಕದ ದಿಬ್ಬದವನು ಎಲ್ಲೆ ಮೀರಿದರೆ ಹಿಂಗಾಲಿನಿಂದ ನೆಲ ಬಡಿದು ಎಚ್ಚರಿಸುತ್ತವೆ. ಹಾವು ಬಂದರೂ ಬಡಿತವೇ. ಜ್ಯಾನ್ ರ‍್ಯಾಂಡಲ್ ಎಂಬ ವಿಜ್ಞಾನಿ ಈ ಕಾಲ್ಬಡಿತಗಳನ್ನು ಕೇಳುವುದರಲ್ಲೇ ಬಹಳ ವರ್ಷ ಕಳೆದಿದ್ದಾರೆ. ಮೇಲಿನ ಮಹಡಿಯವರ ಕಾಲ್ಸಪ್ಪಳವನ್ನು ಅಷ್ಟೇ ವರ್ಷ ಕೇಳಿದ ನನಗೆ ಯಾರೂ ಡಾಕ್ಟರೇಟ್ ಕೊಡಲಿಲ್ಲ.

ಕತ್ತಲಾದ ಮೇಲೆ ಸೋಡಾ ಲೇಕ್ ರಸ್ತೆಯಲ್ಲಿ ನಿಧಾನ ಬರುತ್ತಿದ್ದಾಗ ದೀಪದ ಬೆಳಕಿಗೆ ಅಡ್ಡವಾಗಿ ಒಂದು ಹಾರಿತು. ಓಡಲಿಲ್ಲ, ಎರಡೇ ಕಾಲಲ್ಲಿ ಕುಪ್ಪಳಿಸಿತು. ರಸ್ತೆಯ ಅಂಚಿನಲ್ಲಿ ಒಂದು ಗಳಿಗೆ ನಿಂತದ್ದರಿಂದ ಸರಿಯಾಗಿ ನೋಡಲು ಸಿಕ್ಕಿತು. ಮರಳಿನ ಬಣ್ಣದ ಮೈ, ಬಿಳಿ ಹೊಟ್ಟೆ, ದೊಡ್ಡ ಕರೀ ಕಣ್ಣು, ಮೈಗಿಂತ ಉದ್ದದ ಬಾಲ, ಅದರ ತುದಿಯಲ್ಲಿ ಕೂದಲಿನ ಕುಚ್ಚು. ಮುಂಗಾಲು ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕದು, ಎರಡನ್ನೂ ಎದೆಗೆ ಒತ್ತಿಕೊಂಡಿತ್ತು. ಕಾಂಗರೂ ಇಲಿಗಳಲ್ಲಿ ಇಪ್ಪತ್ತರಷ್ಟು ಜಾತಿ ಇವೆ, ಇದೇ ಎಲ್ಲಕ್ಕಿಂತ ದೊಡ್ಡದು. ಹಾಗೆಂದು ಈ ದೈತ್ಯನ ತೂಕ ನೂರೈವತ್ತು ಗ್ರಾಂ ಆಸುಪಾಸು. ನಮ್ಮ ಮೋರಿಯ ಹೆಗ್ಗಣ ಇದರ ಪಕ್ಕ ನಿಂತರೆ ಪೈಲ್ವಾನ. “ಪಾಪ, ಚೆನ್ನಾಗಿದೆ ಕಣೋ” ಎಂದಳು ಹೆಂಡತಿ ಹಿಂದಿನ ಸೀಟಿನಿಂದ. ಇಲಿಯ ಬಗ್ಗೆ ಆ ಬಾಯಿಂದ ಆ ಮಾತು ಬಂದದ್ದಕ್ಕೆ ಸಾಕ್ಷಿಗಳಾಗಿ ನಾವಿಬ್ಬರೂ ಇದ್ದೇವೆ.

ಇದು ನೀರು ಕುಡಿಯುವುದಿಲ್ಲ. ಕುಡಿಯೋಣವೆಂದರೂ ಬೇಸಿಗೆಯಲ್ಲಿ ಅಲ್ಲಿ ನೀರಿಲ್ಲ. ತಿಂದ ಬೀಜ ಮೈಯೊಳಗೆ ಉರಿದು ಶಕ್ತಿಯಾಗುವಾಗ ಒಂದಿಷ್ಟು ನೀರೂ ಹುಟ್ಟುತ್ತದೆ. ಅಷ್ಟರಲ್ಲೇ ಸಂಸಾರ. ಮೂತ್ರಪಿಂಡ ಎಷ್ಟು ಲೋಭಿಯೆಂದರೆ ಹನಿಯೂ ಪೋಲಾಗದು. ಹಗಲು ಬಿಲದ ತಂಪಿನಲ್ಲಿ ಮಲಗಿ ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಬಂದ ಮೇಲೆ ಇದಕ್ಕೆ ಒಂದೇ ಕಸುಬು, ಬೀಜ ಕೂಡಿಡುವುದು.

ಕೂಡಿಡುವ ಕ್ರಮ ಕೇಳಬೇಕು. ವಸಂತ ಮುಗಿಯುತ್ತ ಬಂದು ಕಾಯಿ ಇನ್ನೂ ಪೂರ್ತಿ ಒಣಗುವ ಮುಂಚೆಯೇ ಇದು ತೆನೆ ಕೊಯ್ಯಲು ಶುರು ಮಾಡುತ್ತದೆ. ಕೆನ್ನೆಯ ಹೊರಭಾಗದಲ್ಲಿ ಎರಡು ಜೇಬುಗಳಿವೆ, ಒಳಗೆಲ್ಲ ಕೂದಲಿನ ಅಸ್ತರು. ಬಾಯೊಳಗಿನ ಚೀಲವಲ್ಲವಾದ್ದರಿಂದ ಎಂಜಲಿನ ತೇವ ತಾಗದೆ ಕಾಳು ಒಣಗಿಯೇ ಇರುತ್ತದೆ. ಎರಡೂ ಕೈಯಲ್ಲಿ ಸರಸರನೆ ತುರುಕಿಕೊಂಡು ದಿಬ್ಬಕ್ಕೆ ತಂದು ಕಕ್ಕುತ್ತದೆ. ಹಸಿ ಕಾಯನ್ನು ನೇರ ಬಿಲಕ್ಕೆ ಹಾಕಿದರೆ ಬೂಸಲು ಹಿಡಿಯುತ್ತದೆ ಎಂಬುದು ಇದಕ್ಕೆ ಗೊತ್ತು. ದಿಬ್ಬದ ಮೇಲೇ ಕತ್ತರಿಸಿದ ತೆನೆಗಳನ್ನು ಒಟ್ಟಿ ಬಣವೆ ಹಾಕುತ್ತದೆ. ಅಥವಾ ದಿಬ್ಬದ ಮೈತುಂಬ ಅಂಗುಲ ಆಳದ ಗುಂಡಿಗಳನ್ನು ತೋಡಿ, ಒಂದೊಂದಕ್ಕೂ ಒಂದೊಂದು ಹಿಡಿ ತುಂಬಿ, ಮೇಲೆ ತೆಳುವಾಗಿ ಮಣ್ಣು ಎಳೆದು ಬಿಸಿಲಿಗೆ ಬಿಡುತ್ತದೆ. ಇಂಥ ಗುಂಡಿಗಳು ಒಂದೇ ದಿಬ್ಬದಲ್ಲಿ ನೂರಾರು ಸಿಗುತ್ತವೆ. ಚೆನ್ನಾಗಿ ಒಣಗಿದ ಮೇಲೆ ಎಲ್ಲವನ್ನೂ ಎತ್ತಿ ನೆಲದೊಳಗಿನ ಹಗೇವಿಗೆ ಸಾಗಿಸುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ತಾರಸಿಯ ಮೇಲೆ ಸಂಡಿಗೆ ಹರವಿ, ಸಂಜೆ ಮಗುಚಿ, ಕಾಗೆ ಕಾಯ್ದು, ಗಲಗಲ ಎನ್ನುವಷ್ಟು ಒಣಗಿದ ಮೇಲೆ ಡಬ್ಬಿಗೆ ತುಂಬುತ್ತಿದ್ದ ನನ್ನ ಅತ್ತೆಯವರು ಇದನ್ನು ಕಂಡಿದ್ದರೆ ಒಂದೇ ಮಾತಿನಲ್ಲಿ ಸೊಸೆ ಮಾಡಿಕೊಳ್ಳುತ್ತಿದ್ದರು. 1934ರಲ್ಲಿ ಶಾ ಎಂಬ ವಿದ್ವಾಂಸರು ಈ ಇಲಿಯ ಕೊಯ್ಲು ಮತ್ತು ದಾಸ್ತಾನಿನ ಸಾಮರ್ಥ್ಯದ ಮೇಲೇ ಒಂದು ಲೇಖನ ಬರೆದರು. ಗುಂಡಿಗಳಲ್ಲಿ ಅವರಿಗೆ ಸಿಕ್ಕಿದ್ದರಲ್ಲಿ ಮುಖ್ಯವಾದದ್ದು ಪೆಪ್ಪರ್‌ಗ್ರಾಸ್ ಎಂಬ, ಸಾಸಿವೆ ವಂಶದ ಪುಟ್ಟ ಗಿಡದ ಕಾಯಿ. ಒಗ್ಗರಣೆಯ ವಿಷಯದಲ್ಲೂ ಇಲಿಗೆ ನಮ್ಮ ರುಚಿಯೇ.

ಇನ್ನು ಬಯಲಿನ ಗಿಡಮರಗಳ ವಿಷಯ. ಮರ ಅಲ್ಲಿಲ್ಲ, ಗಿಡದ ಮಾತು ಆಡೋಣ. ನೂರೈವತ್ತು ಗ್ರಾಮಿನ ಪ್ರಾಣಿ ಒಂದು ಬಯಲಿಗೆ ಏನು ತಾನೇ ಮಾಡೀತು ಎಂದುಕೊಳ್ಳುವುದು ಸಹಜ. ಅರಿಜೋನಾದ ಪೋರ್ಟಲ್ ಎಂಬ ಊರಿನ ಹತ್ತಿರ ಜೇಮ್ಸ್ ಬ್ರೌನ್ ಎಂಬ ವಿಜ್ಞಾನಿ 1977ರಲ್ಲಿ ಇದನ್ನೇ ಪರೀಕ್ಷಿಸಲು ಹೊರಟರು. ಮರುಭೂಮಿಯ ಕುರುಚಲಿನಲ್ಲಿ ಕಾಲು ಹೆಕ್ಟೇರಿನ ಇಪ್ಪತ್ತನಾಲ್ಕು ಚೌಕ ಗುರುತಿಸಿ ಬೇಲಿ ಹಾಕಿದರು. ಕೆಲವು ಬೇಲಿಗಳಲ್ಲಿ ಸಣ್ಣ ಇಲಿ ನುಸುಳಬಹುದಾದ, ಕಾಂಗರೂ ಇಲಿಗೆ ಸಾಲದಷ್ಟು ಕಿರಿದಾದ ಕಿಂಡಿ ಬಿಟ್ಟರು. ಅಲ್ಲಿದ್ದದ್ದು ಬೇರೆ ಮೂರು ಜಾತಿಯ ಕಾಂಗರೂ ಇಲಿಗಳು, ಅಳಿವಿನ ಭಯವಿಲ್ಲದವು. ಹನ್ನೆರಡು ವರ್ಷ ಕಳೆದ ಮೇಲೆ ಅವು ಇಲ್ಲದ ಚೌಕಗಳಲ್ಲಿ ಎತ್ತರದ ಹುಲ್ಲು ಮೂರು ಪಟ್ಟು ಹೆಚ್ಚಾಗಿ, ಕುರುಚಲು ಹೋಗಿ ಹುಲ್ಲುಗಾವಲಾಗುವ ಹಾದಿ ಹಿಡಿದಿತ್ತು. 1990ರಲ್ಲಿ ಬ್ರೌನ್ ಮತ್ತು ಹೆಸ್ಕಿ ಇದನ್ನು ಪ್ರಕಟಿಸಿದಾಗ ಜನ ಹುಬ್ಬೇರಿಸಿದರು. ಮಳೆ, ಮಣ್ಣು, ದನ ಇವುಗಳ ಲೆಕ್ಕದಲ್ಲಿ ಇಲಿಯ ಹೆಸರು ಅಲ್ಲಿಯವರೆಗೆ ಅಷ್ಟು ಮೇಲೆ ಇರಲಿಲ್ಲ. ದೊಡ್ಡ ಬೀಜವನ್ನು ಆರಿಸಿ ತಿನ್ನುವುದು, ನೆಲ ಕೆದಕುವುದು, ಇವೆರಡರಿಂದಲೇ ಒಂದು ಜಾಗ ಮರುಭೂಮಿಯಾಗಿ ಉಳಿಯಬಹುದು.

ಕರಿಝೋದಲ್ಲಿ ಈ ಲೆಕ್ಕ ಬಿಡಿಸಲು ಕೂತವರು ಲಾರಾ ಪ್ರೂ ಮತ್ತು ಜಸ್ಟಿನ್ ಬ್ರಶಾರೆಸ್. ಇಲಿ ತಿನ್ನುವುದರಿಂದ ಆಗುವುದೆಷ್ಟು, ತೋಡುವುದರಿಂದ ಆಗುವುದೆಷ್ಟು ಎಂದು ಅವರು ಬೇರೆ ಬೇರೆ ಮಾಡಿ ನೋಡಿದರು. 2012ರಲ್ಲಿ ಬಂದ ಉತ್ತರ: ಗಿಡಗಳ ಮಟ್ಟಿಗೆ ಗುದ್ದಲಿಯದೇ ಮೇಲುಗೈ. ಯಾವ ಗಿಡ ಎಲ್ಲಿ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಇದರ ಹೊಟ್ಟೆಗಿಂತ ಇದರ ಬಿಲ. ಇಂಥ ಪ್ರಾಣಿಗಳಿಗೆ ಪರಿಸರ ವಿಜ್ಞಾನಿಗಳು ಎಂಜಿನಿಯರ್ ಪಟ್ಟ ಕೊಟ್ಟಿದ್ದಾರೆ. ನಮ್ಮ ಹುಡುಗನೂ ಎಂಜಿನಿಯರೇ, ಆದರೆ ಅವನಿಂದ ಇದುವರೆಗೆ ಒಂದು ಹುಲ್ಲೂ ಹುಟ್ಟಿಲ್ಲ.

ಬಿಲದ ಮಹಿಮೆ ಹೊಸ ಸಂಶೋಧನೆಯೇನಲ್ಲ. ಬರ್ಕ್ಲಿಯ ಜೋಸೆಫ್ ಗ್ರಿನೆಲ್ 1923ರಲ್ಲೇ, ಊರೆಲ್ಲ ಇಲಿ–ಅಳಿಲುಗಳಿಗೆ ವಿಷ ಹಾಕುತ್ತಿದ್ದ ಕಾಲದಲ್ಲಿ, ಕ್ಯಾಲಿಫೋರ್ನಿಯಾದ ಮಣ್ಣು ತಯಾರಿಸುವುದರಲ್ಲಿ ಬಿಲ ತೋಡುವ ಪ್ರಾಣಿಗಳ ಪಾಲೇನು ಎಂದು ಬರೆದಿದ್ದರು. 1932ರಲ್ಲಿ ನಮ್ಮ ಈ ದೈತ್ಯನ ಮೇಲೆಯೇ ಒಂದು ಪ್ರಬಂಧ ಬರೆದರು. ಒಂದು ದಿಬ್ಬ ಒಂದು ಇಲಿಯ ಆಯುಷ್ಯದಲ್ಲಿ ಮುಗಿಯುವುದಿಲ್ಲ. ಹಳೆಯ ಯಜಮಾನ ಗೂಬೆಯ ಪಾಲಾದರೆ ಹೊಸಬ ಬಂದು ಸೇರುತ್ತಾನೆ, ರಿಜಿಸ್ಟ್ರೇಷನ್ ಗಲಾಟೆ ಇಲ್ಲ. ತಲೆಮಾರುಗಟ್ಟಲೆ ಕೆಳಗಿನ ಮಣ್ಣು ಮೇಲೆ ಬರುತ್ತದೆ. ತಿಂದುಳಿದ ಸಿಪ್ಪೆ, ಹಿಕ್ಕೆ, ಮರೆತ ಕಾಳು ಒಳಗೆ ಕೊಳೆಯುತ್ತವೆ. ಸಾರಜನಕ, ರಂಜಕ ಕೂಡುತ್ತವೆ. ಮಳೆ ಬಿದ್ದ ಮೇಲೆ ಆ ಬೋಳು ದಿಬ್ಬಗಳೇ ಬಯಲಿನಲ್ಲಿ ಎಲ್ಲಕ್ಕಿಂತ ಹುಲುಸಾಗಿ ಚಿಗುರುವ ಜಾಗ. 1944ರಲ್ಲಿ ಹಾಬೆಕರ್ ಎಂಬುವರು ಈ ಇಲಿಯನ್ನೂ ಕುರಿಯ ಮೇವನ್ನೂ ಒಟ್ಟಿಗಿಟ್ಟು ಲೇಖನ ಬರೆದದ್ದು ಸುಮ್ಮನೆ ಅಲ್ಲ.

ಇಲ್ಲಿಯವರೆಗೆ ಕತೆ ಬಹಳ ಚೆನ್ನಾಗಿದೆ. ಬಡಪಾಯಿ ಇಲಿ, ನಾವು ಅದರ ಮನೆ ಕಸಿದುಕೊಂಡೆವು, ಅದೋ ಪಾಪ ನೆಲಕ್ಕೆ ಗೊಬ್ಬರ ಹಾಕಿ ಹೂ ಬೆಳೆಸುತ್ತಿದೆ. ಶಾಲೆಯ ಪರಿಸರ ದಿನದ ಭಾಷಣಕ್ಕೆ ಹೇಳಿ ಮಾಡಿಸಿದ್ದು. ಇಲ್ಲಿಗೇ ನಿಲ್ಲಿಸುತ್ತಿದ್ದೆ, ಆದರೆ 1994ರಲ್ಲಿ ಪೌಲಾ ಶಿಫ್‌ಮನ್ ಎಂಬ ಸಸ್ಯ ಪರಿಸರ ವಿಜ್ಞಾನಿ ಬಗ್ಗಿ ದಿಬ್ಬದ ಮೇಲಿನ ಗಿಡಗಳ ಜಾತಕ ನೋಡಿಬಿಟ್ಟರು. ಹುಲುಸಾಗಿ ಬೆಳೆದದ್ದರಲ್ಲಿ ಹೆಚ್ಚಿನವು ಊರಿನವೇ ಅಲ್ಲ. ಮೆಡಿಟರೇನಿಯನ್ ಕಡೆಯಿಂದ ಬಂದ ಕಳೆಗಳು: ಫಿಲರೀ, ರೆಡ್ ಬ್ರೋಮ್ ಹುಲ್ಲು, ಅವುಗಳ ನೆಂಟರಿಷ್ಟರು. ಊರಿನ ಗಿಡಗಳು ದಿಬ್ಬದ ಹೊರಗಿನ, ಯಾರೂ ಕೆದಕದ ನೆಲದಲ್ಲೇ ಹೆಚ್ಚು ನೆಮ್ಮದಿಯಾಗಿದ್ದವು. ದೇಶ ತನ್ನ ಕಾನೂನಿನ ಬಲದಿಂದ ಕಾಪಾಡುತ್ತಿರುವ ಪ್ರಾಣಿ, ದೇಶ ಔಷಧಿ ಹೊಡೆದು ಕೊಲ್ಲಲು ನೋಡುತ್ತಿರುವ ಕಳೆಗೆ ಮಡಿ ಮಾಡಿಕೊಟ್ಟು ಕೂತಿತ್ತು.

ಇಲಿಯನ್ನು ದೂರುವಂತಿಲ್ಲ. ಅದು ಸಾವಿರಾರು ವರ್ಷದಿಂದ ಹೀಗೆಯೇ ತೋಡುತ್ತ ಬಂದಿದೆ. ಕೆದಕಿದ, ಗೊಬ್ಬರದ ನೆಲ ಸಿಕ್ಕ ಕೂಡಲೇ ಬಂದು ಕೂರುವ ಕಲೆಯನ್ನು ಮೆಡಿಟರೇನಿಯನ್ ಗಿಡಗಳು ಬೇರೆ ಕಡೆ ಕಲಿತಿದ್ದವು. ಅಲ್ಲಿ ಮನುಷ್ಯ ನೇಗಿಲು ಹಿಡಿದು, ಕುರಿ ಮೇಯಿಸಿ ಕೆಲವು ಸಾವಿರ ವರ್ಷ ಆಗಿಹೋಗಿದೆ. ಮನುಷ್ಯನ ಪಕ್ಕ ಬದುಕುವುದು ಕಲಿತ ಗಿಡಕ್ಕೆ ಇಲಿಯ ದಿಬ್ಬ ಏನು ಮಹಾ? ಸ್ಪೇನಿನವರು ದನ, ಕುರಿ, ಕಾಳಿನ ಮೂಟೆಗಳ ಜೊತೆ ಗೊತ್ತಿಲ್ಲದೆ ಇವನ್ನೂ ತಂದರು. ಯಾವಾಗ ಬಂದವು ಎಂದು ಪತ್ತೆ ಹಚ್ಚಿದ ಬಗೆ ನನಗೆ ಬಹಳ ಇಷ್ಟ. ಜಾರ್ಜ್ ಹೆಂಡ್ರಿ ಎಂಬುವರು 1930ರ ಆಸುಪಾಸಿನಲ್ಲಿ ಹಳೆಯ ಸ್ಪ್ಯಾನಿಷ್ ಮಿಷನ್ ಕಟ್ಟಡಗಳ ಹಸಿ ಇಟ್ಟಿಗೆಗಳನ್ನು ತಂದು ನೀರಿನಲ್ಲಿ ಕರಗಿಸಿದರು. ಜೇಡಿಮಣ್ಣಿಗೆ ಹುಲ್ಲು ಕಲಸಿ ಬಿಸಿಲಿಗೆ ಒಣಗಿಸಿದ ಇಟ್ಟಿಗೆಗಳು ಅವು. ಕಟ್ಟಿದ ವರ್ಷ ದಾಖಲೆಯಲ್ಲಿದೆ, ಕಲಸಿದ ದಿನ ಗಾಳಿಗೆ ಬಂದು ಬಿದ್ದ ಬೀಜ ಮಣ್ಣಿನೊಳಗೆ ಹಾಗೇ ಇದೆ. ಮೊದಮೊದಲ ಇಟ್ಟಿಗೆಗಳಲ್ಲೇ ಫಿಲರೀ ಸಿಕ್ಕಿತು. 1998ರಲ್ಲಿ ಇನ್ನಿಬ್ಬರು ಸಾಂತಾ ಬಾರ್ಬರಾದ ಸಮುದ್ರತಳದ ಕೆಸರನ್ನು ಪದರ ಪದರವಾಗಿ ನೋಡಿ, 1769ರಲ್ಲಿ ಮೊದಲ ಮಿಷನ್ ಕಟ್ಟುವುದಕ್ಕೆ ಮುಂಚೆಯೇ ಇದರ ಪರಾಗ ಅಲ್ಲಿತ್ತು ಎಂದರು. ಪಾದ್ರಿಗಳು ಬರುವ ಹೊತ್ತಿಗೆ ಕಳೆ ಬಂದು ಮನೆ ಮಾಡಿಕೊಂಡು ಕಾಯುತ್ತಿತ್ತು.

ಫಿಲರೀ ಹೇಗೆ ಅಷ್ಟು ಮುಂದೆ ಓಡಿತು ಎಂಬುದು ನನಗೆ ಕಾಲುಚೀಲದಿಂದ ತಿಳಿಯಿತು. ಬಯಲಿನಿಂದ ಬಂದ ರಾತ್ರಿ ಬಿಚ್ಚಿದರೆ ಚೀಲದ ತುಂಬ ಚುಚ್ಚಿಕೊಂಡ ಬೀಜ. ಒಂದನ್ನು ಬಿಡಿಸಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಚೂಪಾದ ತಲೆ, ಮೈಮೇಲೆ ಹಿಂದಕ್ಕೆ ಬಾಗಿದ ಬಿರುಸು ರೋಮ, ಹಿಂದೆ ಸ್ಕ್ರೂ ತರಹ ಸುರುಳಿ ಸುತ್ತಿದ ಬಾಲ. ಅದರ ತುದಿ ಮಾತ್ರ ಬೇರೆ ಕಡೆಗೆ ಚಾಚಿಕೊಂಡಿತ್ತು. “ಒಂದು ಹನಿ ನೀರು ಬಿಡಿ ಚಿಕ್ಕಪ್ಪ” ಎಂದ ಹುಡುಗ. ಬಿಟ್ಟೆ. ಅರೆ ನಿಮಿಷ ಏನೂ ಇಲ್ಲ. ಆಮೇಲೆ ಬಾಲ ನಿಧಾನವಾಗಿ ಸುರುಳಿ ಬಿಚ್ಚತೊಡಗಿತು, ಇಡೀ ಬೀಜ ಮೇಜಿನ ಮೇಲೆ ತಿರುಗಿತು. ನೆಲದ ಮೇಲಿದ್ದರೆ ಬಾಲದ ತುದಿ ಯಾವುದಾದರೂ ಕಡ್ಡಿಗೆ ಒರಗುತ್ತದೆ. ಆಗ ಬಾಲದ ಬದಲು ತಲೆ ತಿರುಗಿ ಮಣ್ಣನ್ನು ಕೊರೆಯುತ್ತದೆ. ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತ ಇನ್ನಷ್ಟು ಇಳಿಯುತ್ತದೆ. ಹಿಂದಕ್ಕೆ ಬಾಗಿದ ರೋಮ ಹೊರಗೆ ಬರಗೊಡುವುದಿಲ್ಲ. ಇಬ್ಬನಿ ಬಿದ್ದು ಬಿಸಿಲೇರಿದರೆ ಸಾಕು, ಬೀಜ ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ. ಸಡಿಲ ಮಣ್ಣಿನ ದಿಬ್ಬ ಸಿಕ್ಕರೆ ಕೇಳಬೇಕೆ! ಹೆಂಡತಿ ಕಾಲುಚೀಲ ಸಮೇತ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿ, “ಬ್ಯಾಗಲ್ಲಿ ಒಂದೂ ಬರಕೂಡದು, ನಮ್ಮೂರಲ್ಲಿ ಪಾರ್ಥೇನಿಯಂ ಇರೋದು ಸಾಕು” ಎಂದಳು. ಕಸ್ಟಮ್ಸ್‌ನವರಿಗಿಂತ ಅವಳು ಜಾಗರೂಕೆ.

ಹಾಗಾದರೆ ದಿಬ್ಬವೆಂದರೆ ಕಳೆಯ ಬೀಡು ಎಂದು ಷರಾ ಬರೆದು ಮುಗಿಸಬಹುದೇ? ಅದಕ್ಕೂ ಆಗುವುದಿಲ್ಲ. ಕ್ಯಾಲಿಫೋರ್ನಿಯಾ ಜ್ಯೂಯೆಲ್‌ಫ್ಲವರ್ ಎಂಬ, ಇದೂ ಸಾಸಿವೆ ವಂಶದ, ಒಂದು ಗಿಡವಿದೆ. ಮೇಲ್ತುದಿಯ ಮೊಗ್ಗು ಕಡುನೇರಳೆ, ಕೆಳಗೆ ಅರಳಿದ ಹೂ ಬಿಳಿ. 1990ರಲ್ಲಿ ಇದನ್ನೂ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಕಣಿವೆಯಲ್ಲಿ ಹೆಚ್ಚುಕಡಿಮೆ ಅಳಿದುಹೋದ ಮೇಲೆ ಉಳಿದದ್ದು ಬೆರಳೆಣಿಕೆಯ ಜಾಗಗಳಲ್ಲಿ, ಅವುಗಳಲ್ಲೊಂದು ಕರಿಝೋ. ಅಲ್ಲಿ ಅದು ಹೆಚ್ಚಾಗಿ ಬೆಳೆಯುವುದು ಎಲ್ಲಿ ಎಂದರೆ, ದೈತ್ಯ ಕಾಂಗರೂ ಇಲಿಯ ದಿಬ್ಬದ ಮೇಲೆ. ಕಳೆಯ ನಡುವೆಯೇ, ಅದೇ ಗೊಬ್ಬರ ತಿಂದು. ಕಾಯಿ ಬಲಿತರೆ ಇಲಿ ಅದನ್ನೂ ಬಿಡುವುದಿಲ್ಲ. ಮನೆ ಕೊಟ್ಟ ಯಜಮಾನನೇ ಬಾಡಿಗೆಯನ್ನು ಬೀಜದ ರೂಪದಲ್ಲಿ ವಸೂಲು ಮಾಡುತ್ತಾನೆ.

ಊರಿನ ಗಿಡಗಳನ್ನು ಮತ್ತೆ ಹೆಚ್ಚಿಸೋಣವೆಂದು ಪ್ರೂ, ಬ್ರಶಾರೆಸ್ ಮತ್ತು ಅವರ ಜೊತೆಗಾರರು ಬೀಜ ಬಿತ್ತಿ ನೋಡಿದ್ದಾರೆ. 2015ರಲ್ಲಿ ಬಂದ ಫಲಿತಾಂಶ ನಾನು ಕಣ್ಣು ಮುಚ್ಚಿಕೊಂಡು ಹೇಳಬಹುದಾಗಿತ್ತು. ಬಿತ್ತಿದ ಬೀಜ ಇಲಿಗೆ ಮನೆಬಾಗಿಲಿಗೆ ಬಂದ ಪಡಿತರ. ಒಯ್ದದ್ದು ಹೋಗಿ ಉಳಿದದ್ದು ಕೆದಕಿದ ಮಣ್ಣಿನಲ್ಲಿ ಕಳೆಯ ಜೊತೆ ಗುದ್ದಾಡಲಾರದೆ ಸೋತಿತು. ಅಳಿವಿನಂಚಿನ ಪ್ರಾಣಿಯಾದ್ದರಿಂದ ಹಚಾ ಎನ್ನುವಂತೆಯೂ ಇಲ್ಲ. ಸಂಶೋಧಕರು ಇದನ್ನು ಎಷ್ಟು ಸಂಯಮದ ಭಾಷೆಯಲ್ಲಿ ಬರೆಯಬೇಕಾಯಿತು ಎಂದು ಯೋಚಿಸಿದರೆ ನನಗೆ ಅವರ ಮೇಲೆ ಗೌರವ ಉಕ್ಕುತ್ತದೆ.

ನನಗೆ ಅನ್ನಿಸುವುದಿಷ್ಟು: ನಾವು ಒಂದು ಪ್ರಾಣಿಯನ್ನು ಉಳಿಸಲು ಹೊರಟಾಗ ಅದರಿಂದ ಒಳ್ಳೆಯ ನಡತೆಯ ಸರ್ಟಿಫಿಕೇಟನ್ನೂ ಬಯಸುತ್ತೇವೆ. ಅದು ಕಾಡು ಬೆಳೆಸಬೇಕು, ಮಣ್ಣು ಕಾಯಬೇಕು, ನಾವು ಮೆಚ್ಚುವ ಗಿಡಕ್ಕೆ ನೀರೆರೆದು ನಾವು ಒಲ್ಲದ್ದನ್ನು ಕಿತ್ತು ಹಾಕಬೇಕು. ಕಾಂಗರೂ ಇಲಿಗೆ ಈ ಉದ್ಯೋಗದ ಕರಾರು ಯಾರೂ ಓದಿ ಹೇಳಿಲ್ಲ. ಅದರ ತಲೆಯಲ್ಲಿರುವುದು ಮುಂದಿನ ಬೇಸಿಗೆಯ ಹಗೇವು. ಸ್ವದೇಶಿ, ವಿದೇಶಿ ಭೇದವೂ ಅದಕ್ಕಿಲ್ಲ, ಫಿಲರೀ ಕಾಳನ್ನೂ ಸಂತೋಷವಾಗಿ ತುಂಬಿಕೊಳ್ಳುತ್ತದೆ. ಇನ್ನೂರು ಮುನ್ನೂರು ವರ್ಷದಿಂದ ಮನೆಯ ಸುತ್ತ ಬೆಳೆಯುವುದು ಅದೇ ಆದಮೇಲೆ ಇನ್ನೇನು ಮಾಡಬೇಕು? ಅಮೆರಿಕದಿಂದ ಬಂದ ಮೆಣಸಿನಕಾಯಿ ಹಾಕಿ ಬಿಸಿಬೇಳೆಬಾತ್ ಮಾಡಿ ಅದನ್ನು ಮೈಸೂರಿನ ಸನಾತನ ಅಡುಗೆ ಎನ್ನುವ ನಾವು ಇಲಿಗೆ ಉಪದೇಶ ಮಾಡುವ ಸ್ಥಿತಿಯಲ್ಲಿಲ್ಲ.

2012ರಿಂದ ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಮಳೆ ಕೈಕೊಟ್ಟಿತ್ತು. ಮೊದಲ ವರ್ಷ ಹಗೇವು ಕಾಪಾಡಿತು. ದಾಸ್ತಾನು ಮುಗಿದ ಮೇಲೆ ಇಲಿಗಳೂ ಮುಗಿಯುತ್ತ ಬಂದವು. ಕರಿಝೋದಲ್ಲಿ ಅವುಗಳ ಸಂಖ್ಯೆ ಹನ್ನೊಂದರಲ್ಲಿ ಒಂದು ಪಾಲಿಗೆ ಕುಸಿಯಿತು. ಎಲ್ಲ ಹಾಳಾಯಿತು ಎನ್ನಬೇಕು ತಾನೇ? ಪ್ರೂ ತಂಡ 2018ರಲ್ಲಿ ಹೇಳಿದ್ದು ಬೇರೆ. ಬರ ಹೆಚ್ಚು ಹೊಡೆದದ್ದು ಬಯಲನ್ನು ಆಳುತ್ತಿದ್ದವರನ್ನು, ಗಿಡದಲ್ಲಿ ಕಳೆಹುಲ್ಲುಗಳನ್ನೂ ಪ್ರಾಣಿಗಳಲ್ಲಿ ಈ ಇಲಿಯನ್ನೂ. ದೊಡ್ಡವರು ಮುಗ್ಗರಿಸಿದ ಸಂದಿಯಲ್ಲಿ ಮೂಲೆಯಲ್ಲಿದ್ದ ಸಣ್ಣಪುಟ್ಟ ಅಪರೂಪದ ಜಾತಿಗಳು ಕಾಲೂರಿಕೊಂಡವು. ಅಳಿವಿನಂಚಿನ ಪ್ರಾಣಿಯೊಂದು ತನ್ನ ಊರಿನಲ್ಲಿ ಮಾತ್ರ ದೊಡ್ಡ ಗೌಡನಾಗಿರುವುದು ಹೀಗೆ. ದೆಹಲಿಯಲ್ಲಿ ಠೇವಣಿ ಕಳೆದುಕೊಂಡು ಊರ ಪಂಚಾಯ್ತಿಯಲ್ಲಿ ಅವಿರೋಧವಾಗಿ ಆರಿಸಿ ಬರುವವರನ್ನು ನಾವು ನೋಡಿಲ್ಲವೇ. ಒಳ್ಳೆಯ ಮಳೆ ಬಂದ ಮೇಲೆ ಇಲಿಗಳು ಮತ್ತೆ ತುಂಬಿಕೊಂಡವು. ಕಳೆಯೂ.

ಈಗ ಅವನ್ನು ಎಣಿಸಲು ಪ್ರತಿ ಬಿಲದ ಮುಂದೆ ಬೋನಿಟ್ಟು ಕೂರಬೇಕಾಗಿಲ್ಲ. ಬೇಸಿಗೆಯ ಆರಂಭದಲ್ಲಿ ಯಜಮಾನನಿರುವ ದಿಬ್ಬ ಮಾತ್ರ ಬೋಳಾಗಿರುತ್ತದೆ, ಖಾಲಿ ದಿಬ್ಬದ ಹುಲ್ಲು ಹಾಗೇ ಒಣಗಿ ನಿಂತಿರುತ್ತದೆ. ವಿಮಾನದಿಂದ, ಉಪಗ್ರಹದ ಚಿತ್ರದಿಂದ ಆ ಬೋಳು ಚುಕ್ಕೆಗಳನ್ನು ಎಣಿಸಿದರೆ ಆಯಿತು. ಮನೆಗಣತಿಗೆ ಹೋಗಿ ನಾಯಿಯಿಂದ ಕಚ್ಚಿಸಿಕೊಂಡ ನಮ್ಮ ಮೇಷ್ಟ್ರುಗಳು ಕೇಳಿದರೆ ಹೊಟ್ಟೆ ಉರಿದುಕೊಂಡಾರು.

ಇಷ್ಟೆಲ್ಲ ಆದಮೇಲೆ ಇವರನ್ನೆಲ್ಲ ಉಳಿಸುವ ಯೋಜನೆ ಹೇಗಿದೆ ಎಂದು ಕೇಳಿದೆ. 1998ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ತಯಾರಿಸಿದ ಒಂದೇ ಕಡತ ಇದೆಯಂತೆ, ಮೂವತ್ತನಾಲ್ಕು ಜೀವಿಗಳಿಗೂ ಸೇರಿ. ಅದರಲ್ಲಿ ಜ್ಯೂಯೆಲ್‌ಫ್ಲವರ್ ಇದೆ. ಅದರ ಬೀಜಕ್ಕೆ ಕಣ್ಣು ಹಾಕುವ ಇಲಿ ಇದೆ. ಆ ಇಲಿಯನ್ನೇ ಮುಖ್ಯ ಊಟ ಮಾಡಿಕೊಂಡ ಕಿಟ್ ನರಿ ಇದೆ; ಅದು 1967ರಿಂದಲೇ ಪಟ್ಟಿಯಲ್ಲಿ. ಇಲಿಯ ಬಿಲದಲ್ಲಿ ಬಿಟ್ಟಿ ವಾಸ ಮಾಡುವ ಮೊಂಡುಮೂತಿಯ ಲೆಪರ್ಡ್ ಹಲ್ಲಿಯೂ ಇದೆ, ಅದೂ 1967. ನರಿ ಒಂದು ಇಲಿಯನ್ನು ಹಿಡಿದ ರಾತ್ರಿ ಕಡತದ ಒಂದು ಪುಟದಲ್ಲಿ ಜಮೆ, ಇನ್ನೊಂದರಲ್ಲಿ ಖರ್ಚು. ಆ ಇಲಿಯ ದಿಬ್ಬದ ಮೇಲೆ ಹೂ ಉಳಿದಿದ್ದರೆ ಮೂರನೆಯ ಪುಟದಲ್ಲಿ ಒಂದು ಸಣ್ಣ ಜಮೆ. ವರ್ಷದ ಕೊನೆಗೆ ಲೆಕ್ಕ ತಾಳೆ ಮಾಡುವ ಗುಮಾಸ್ತನನ್ನು ನೆನೆದು ನಾನು ಕೈಮುಗಿದೆ.

“ಆ ಕಳೆದು ಯಾವ ಪುಟ?” ಎಂದು ಕೇಳಿದಳು ನನ್ನ ಹೆಂಡತಿ.

“ಅದಕ್ಕೆ ಕಡತ ಇಲ್ಲ ಚಿಕ್ಕಮ್ಮ” ಎಂದ ಹುಡುಗ. “ಅದು ಚೆನ್ನಾಗೇ ಇದೆ.”